ಫಮಗುಸ್ತಾದ ಓರೆ ಜಮಖಾನೆ

ನೆಲದ ಮೇಲೆ ಜಮಖಾನೆ ತುಸು ಓರೆಯಾಗಿ ಬಿದ್ದಿದ್ದರೆ ನನ್ನ ಕೈ ಕಡಿಯುತ್ತದೆ. ಪರರ ಮನೆಗೆ ಹೋದಾಗ ಕುಶಲಪ್ರಶ್ನೆ ಮುಗಿಯುವ ಮೊದಲೇ ಕಾಲೊರಸನ್ನು ಬಾಗಿಲಿಗೆ ಸಮಾನಾಂತರವಾಗಿ ಎಳೆದಿಟ್ಟು ಆತಿಥೇಯರ ಸಂಶಯದೃಷ್ಟಿಗೆ ಪಾತ್ರನಾಗುವ ಈ ವ್ಯಾಧಿಗೆ ವೈದ್ಯಶಾಸ್ತ್ರದಲ್ಲಿ ಹೆಸರಿದೆಯೋ ಇಲ್ಲವೋ ತಿಳಿಯದು. ನನ್ನ ಹೆಂಡತಿ ಶಬಾನಾ ಮಾತ್ರ ಅದನ್ನು ‘ಅಧಿಕಪ್ರಸಂಗ’ ಎಂದು ಕರೆಯುತ್ತಾಳೆ. ಅಂಥ ನಾನು, ಓದುಗ ಮಿತ್ರರೇ, ನನ್ನ ಮನೆಯಲ್ಲೇ ನಮಾಜಿನ ಚಾಪೆಯೊಂದು ವರ್ಷವಿಡೀ ತಪ್ಪು ದಿಕ್ಕಿಗೆ ಹಾಸಿದ್ದನ್ನು ಗಮನಿಸಲಿಲ್ಲ. ಏಕೆಂದರೆ ಅದು ಗೋಡೆಗೆ ನೇರವಾಗಿತ್ತು.

ಚಾಪೆ ನನ್ನ ತಾಯಿಯದು. ಅಬ್ಬಾ ತೀರಿಕೊಂಡ ಮೇಲೆ ಮೈಸೂರಿನಿಂದ, ಭೂಮಿಯ ಇನ್ನೊಂದು ಮಗ್ಗುಲಲ್ಲಿರುವ ಸ್ಟರ್ಲಿಂಗಿನ ನಮ್ಮ ಮನೆಗೆ ಬಂದ ಅಮ್ಮಿ, ಜನ್ಮಪೂರ್ತಿ ಮಾಡಿದಂತೆ ಪಶ್ಚಿಮಕ್ಕೆ ಮುಖಮಾಡಿಯೇ ನಮಾಜು ಮಾಡುತ್ತಿದ್ದರು. ಮೈಸೂರಿಗೆ ಮೆಕ್ಕಾ ಪಶ್ಚಿಮದಲ್ಲಿದೆ. ನಮ್ಮ ಸ್ಟರ್ಲಿಂಗಿನಿಂದ ನೋಡಿದರೆ, ಭೂಮಿ ಗುಂಡಗಿರುವ ತಪ್ಪಿಗೆ, ಈಶಾನ್ಯದಲ್ಲಿ. ಇಲ್ಲಿನ ದಿಕ್ಕನ್ನು ಶಬಾನಾ ಹೇಳಿರುತ್ತಾಳೆಂದು ನಾನು, ನಾನು ಹೇಳಿರುತ್ತೇನೆಂದು ಶಬಾನಾ, ಇಬ್ಬರೂ ಸುಮ್ಮನಿದ್ದೆವು.

ಗುಟ್ಟು ರಟ್ಟಾದದ್ದು ನೆರೆಯೂರಾದ ಶ್ಯಾಂಟಿಲಿಯ ಗೆಳೆಯ ರಾಘುವಿನಿಂದ. ನಮ್ಮ ಪಕ್ಕದ ಮನೆಯನ್ನು ಕೊಳ್ಳುವ ಉತ್ಸಾಹದಲ್ಲಿದ್ದ ಅವನು, ಅದೇ ನಕ್ಷೆಯ ನಮ್ಮ ಮನೆಯಲ್ಲಿ ದಿಕ್ಸೂಚಿ ಹಿಡಿದು ವಾಸ್ತು ಪರೀಕ್ಷಿಸುತ್ತಾ ಅಮ್ಮಿಯ ಕೋಣೆಗೆ ಬಂದ.

“ಆಂಟಿ, ಈಶಾನ್ಯ ದೇವರ ಮೂಲೆ. ಅದನ್ನ ಖಾಲಿ ಬಿಟ್ಟು ವೆಸ್ಟ್ ಕಡೆ ಯಾಕೆ ಫೇಸ್ ಮಾಡ್ತಿದ್ದೀರಾ?”

ಜ್ಞಾನಪ್ರದರ್ಶನದ ಅವಕಾಶವನ್ನು ನಾನು ಬಿಡುವವನಲ್ಲ. “ಕರೆಕ್ಟ್! ಇಲ್ಲಿಂದ ಮೆಕ್ಕಾನೂ ಈಶಾನ್ಯಕ್ಕೇ ಇರೋದು” ಎಂದೆ.

“ಹಾಗಾದ್ರೆ ಮನೆ ವಾಸ್ತು ಪಕ್ಕಾ! ಇವತ್ತೇ ಆಫರ್ ಹಾಕ್ತೀನಿ” ಎಂದು ರಾಘು ಕುಣಿದ. ಅಮ್ಮಿ ಮಾತ್ರ ಕಿಟಕಿಯಾಚೆ ಪಶ್ಚಿಮವನ್ನು ನೋಡುತ್ತಾ ಕುಳಿತರು. ಅಲ್ಲಿ ಕಾಣುತ್ತಿದ್ದುದು ನಾನು ಕೆಲಸ ಮಾಡುವ ಡೇಟಾ ಸೆಂಟರ್.

ಮನೆಯಲ್ಲಿ ನಾವಾಡುವುದು ದಖನಿ. ಜಗಳಕ್ಕೆಂದು ಅಮ್ಮಿ ಕನ್ನಡವನ್ನು ಕಾದಿರಿಸಿದ್ದಾರೆ. “ವರ್ಷವೆಲ್ಲಾ ನಿಮ್ಮಪ್ಪನಿಗೆ ಅಂತ ಬೇಡ್ಕೊಂಡಿದ್ದು ನಿನ್ ಆಫೀಸಿಗೆ ಹೋಯ್ತೇನೋ?” ಎಂದರು. ತಿಳಿಯದೆ ಮಾಡಿದ್ದು ಸಲ್ಲುತ್ತದೆಂದು ಇಮಾಮರು ಫೋನಿನಲ್ಲಿ ಸಮಾಧಾನ ಹೇಳಿದರೆ, “ಪಾಪ, ಒಳ್ಳೆಯವರು. ನನ್ ಮನಸ್ಸು ನೋಯಬಾರ್ದು ಅಂತ ಹಾಗಂತಾರೆ” ಎಂದು ತಳ್ಳಿಹಾಕಿ, ಇಡೀ ವರ್ಷದ ನಮಾಜನ್ನು ಈಶಾನ್ಯಕ್ಕೆ ಮರುಪ್ರಸಾರ ಮಾಡತೊಡಗಿದರು. ಮಂಡಿಗಳು ಊದಿಕೊಂಡವು. ಡಾಕ್ಟರ ಮಾತನ್ನೂ ಕೇಳಲಿಲ್ಲ. ನನಗೆ ನಿಜಕ್ಕೂ ಭಯವಾಯಿತು.

ಆ ಬೇಸಿಗೆಯಲ್ಲಿ ಮೈಸೂರಿಗೆ ಹೊರಟಾಗ ದಾರಿಯಲ್ಲಿ ಸೈಪ್ರಸ್ ದ್ವೀಪದಲ್ಲಿ ಇಳಿದದ್ದು, ಪುರಾತನ ಮಸೀದಿಗಳನ್ನು ನೋಡಬೇಕೆಂಬ ನನ್ನ ಬಹುದಿನದ ಚಪಲದಿಂದ. ಲಾರ್ನಕಾದ ಉಪ್ಪುಕೆರೆಯ ದಂಡೆಯ ಮೇಲೆ, ಖರ್ಜೂರದ ಮರಗಳ ನಡುವೆ ನಿಂತ ಮಸೀದಿಯ ಗುಮ್ಮಟವನ್ನು ನಾನು ವಿಶೇಷಣಗಳ ಮೇಲೆ ವಿಶೇಷಣ ಪೇರಿಸಿ ವರ್ಣಿಸುತ್ತಿದ್ದರೆ, ಅಮ್ಮಿಯದು ಒಂದೇ ಪ್ರಶ್ನೆ: “ಇಲ್ಲಿ ಯಾವ ಕಡೆ?”

ಅದೇ ದ್ವೀಪದ ಫಮಗುಸ್ತಾದ ಮಸೀದಿ ಹುಟ್ಟಿನಿಂದ ಇಗರ್ಜಿ. ಕಲ್ಲಿನ ಕಂಬ, ಕಮಾನುಗಳೆಲ್ಲ ಪೂರ್ವಾಭಿಮುಖ. ಶತಮಾನಗಳ ಹಿಂದೆ ಅದನ್ನು ಮಸೀದಿ ಮಾಡಿಕೊಂಡವರು, ಕಟ್ಟಡವನ್ನು ತಿರುಗಿಸಲಾಗದೆ, ತಾವೇ ತಿರುಗಿಕೊಂಡಿದ್ದಾರೆ. ಹೀಗಾಗಿ ಒಳಗೆ ಜಮಖಾನೆಯ ಸಾಲುಗಳೆಲ್ಲ ಕಂಬಗಳಿಗೆ ಓರೆ. ಇದೆಲ್ಲ ನನ್ನ ಬುದ್ಧಿಗೆ ಗೊತ್ತು. ಕೈ ಕೇಳಬೇಕಲ್ಲ! ಮಂಡಿಯೂರಿ ಒಂದು ಅಂಚನ್ನು ಹಿಡಿದು ಎಳೆದೇಬಿಟ್ಟೆ. ಕಾವಲುಗಾರ ಟರ್ಕಿ ಭಾಷೆಯಲ್ಲಿ ಅರಚುತ್ತಾ ಓಡಿಬಂದ. ನಾನು ಅಂಚು ಬಿಡಲಿಲ್ಲ, ಅವನು ನನ್ನ ಕಾಲರ್ ಬಿಡಲಿಲ್ಲ.

ಅಮ್ಮಿ ನಕ್ಕರು. ಅಬ್ಬಾ ಹೋದ ಮೇಲೆ ಮೊದಲ ಬಾರಿಗೆ, ಕಂಬಕ್ಕೆ ಒರಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ನಗು ಇಳಿದ ಮೇಲೆ ತಲೆಯೆತ್ತಿ ಕಮಾನುಗಳನ್ನು ನೋಡಿದರು.

“ಮೊದ್ಲು ಇಲ್ಲಿದ್ದೋರು ಪೂರ್ವಕ್ಕೆ ಮುಖ ಮಾಡಿ, ತೀರಿಹೋದ ತಮ್ಮೋರಿಗೆ ಅಂತ ಬೇಡ್ಕೊಂಡಿರ್ತಾರಲ್ಲ. ಅದು ಮುಟ್ಟಲಿಲ್ಲ ಅಂತೀಯಾ?”

“ಮುಟ್ಟಿರುತ್ತೆ ಅಮ್ಮಿ” ಎಂದೆ.

“ಮತ್ತೆ ನಂದೇನು ಪಾಪ ಮಾಡಿತ್ತು? ನಿಮ್ಮಪ್ಪನ್ನ ಹಿತ್ತಲಿಂದ ಕೂಗಿದ್ರೂ, ಬೀದಿಯಿಂದ ಕೂಗಿದ್ರೂ ‘ಬಂದೆ’ ಅಂತಿದ್ರು.”

ಅಮ್ಮಿ ಓರೆ ಸಾಲೊಂದರ ತುದಿಯಲ್ಲಿ ನಿಧಾನವಾಗಿ ಕುಳಿತು, ಆ ಹೊತ್ತಿನ ನಮಾಜನ್ನಷ್ಟೇ ಮುಗಿಸಿದರು. ಆಮೇಲೆ ನನ್ನತ್ತ ಕೈ ಚಾಚಿ, “ಎಬ್ಬಿಸೋ, ಹಸಿವಾಗ್ತಿದೆ” ಎಂದರು.