ಹಿಂದಿನ ಷಾಕಿನ ಗಾಳಿ

ಆ ಶನಿವಾರ ಸಂಜೆ ನಾನು ಅಂಗಳದಲ್ಲಿ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತಿದ್ದೆ. ಒಳಗೆ ಒಲೆಯ ಮೇಲೆ ಹಾಲಿತ್ತು. ನಮ್ಮ ಮನೆಯವರು ಹೆಲ್ಮೆಟ್ಟು, ಬೂಟು ಎಲ್ಲ ಹಾಕಿಕೊಂಡು, ನೆಲಕ್ಕೆ ಕಾಲೂರದೆ ಸೀಟಿನ ಮೇಲೆ ಕುಳಿತಿದ್ದರು.

"ರಿಂಗ್ ಎಲ್ಲಿಗೆ ಬಂತು ನೋಡೇ."

"ಹಾಲು ಉಕ್ಕೋ ಹೊತ್ತಲ್ಲಿ ನಿಮ್ದೊಂದು ರಿಂಗು!"

"ಬುಡಬ್ಯಾಡ ಕಣೇ, ಬಿದ್ದೋಯ್ತೀನಿ!"

ಹಾಲು ಉಕ್ಕಿಯೇ ಉಕ್ಕಿತು. ನಾನು ಬೈದೆ, ಅವರು ನಕ್ಕರು. ಮರುದಿನ ಬೆಳಿಗ್ಗೆ ತೋಟಕ್ಕೆ ನೀರು ಬಿಟ್ಟು ಬಂದವರು ಎದೆ ಒತ್ತಿಕೊಂಡು ಜಗಲಿಯ ಮೇಲೆ ಕುಳಿತರು. ಮತ್ತೆ ಏಳಲಿಲ್ಲ.

ರಿಂಗಿನ ವಿಷಯ ಹೇಳಬೇಕು. ಇದು ಗುಡ್ಡ ಹತ್ತುವ ಸೈಕಲ್ಲು. ನಮ್ಮವರು ಇದರಲ್ಲಿ ತೋಟದ ಬದುಗಳ ಮೇಲೆ ಬಿಳಿಗೆರೆಯ ತನಕ ಹೋಗಿಬರುತ್ತಿದ್ದರು. ಕುಲುಕಾಟ ತಡೆಯಲು ಮುಂದೊಂದು ಷಾಕು, ಹಿಂದೊಂದು ಷಾಕು. ಹಿಂದಿನದರೊಳಗೆ ಸವಾರನ ತೂಕಕ್ಕೆ ತಕ್ಕಷ್ಟು ಗಾಳಿ ತುಂಬಬೇಕು. ಸವಾರ ಕುಳಿತಾಗ ಷಾಕಿನ ಮೇಲಿನ ರಬ್ಬರ್ ರಿಂಗು ಎಷ್ಟು ಜರುಗಿತು ಎಂಬುದರಿಂದ ಗಾಳಿ ಹೆಚ್ಚೋ ಕಡಿಮೆಯೋ ತಿಳಿಯುತ್ತದೆ. ಕುಳಿತವರೇ ಬಗ್ಗಿ ನೋಡಿದರೆ ತೂಕ ಸರಿದು ಅಳತೆ ತಪ್ಪುತ್ತದೆ. ಹಾಗಾಗಿ ಒಬ್ಬರು ಕೂರಬೇಕು, ಒಬ್ಬರು ಹಿಡಿದು ನೋಡಬೇಕು.

ಕಾರ್ಯಗಳೆಲ್ಲ ಮುಗಿದ ಮೇಲೆ ಮೈದುನ ಸೈಕಲ್ ನೋಡಿ, "ಸುಮ್ನೆ ತುಕ್ಕು ಹಿಡಿತದೆ ಅತ್ತಿಗೆ, ಯಾರಿಗಾದ್ರೂ ಕೊಟ್ಬುಡಿ" ಎಂದ. ತುಕ್ಕು ಹಿಡಿಯದಿದ್ದರೆ ಕೊಡಬೇಕಾಗಿಲ್ಲ ಎಂದು ನಾನು ಅರ್ಥಮಾಡಿಕೊಂಡೆ.

ತುಕ್ಕಿಗೆ ಎಣ್ಣೆ. ನಮ್ಮ ಸೀಮೆಯಲ್ಲಿ ಎಣ್ಣೆ ಎಂದರೆ ಕೊಬ್ಬರಿ ಎಣ್ಣೆ. ಕೂಸಿನ ನೆತ್ತಿಗೆ, ಒಡೆದ ಹಿಮ್ಮಡಿಗೆ, ಕಿರುಗುಟ್ಟುವ ಬಾಗಿಲಿಗೆ ಅದೇ. ಚೈನೂ ಬಾಗಿಲಿನ ಬಂಧುವೇ ಇರಬೇಕೆಂದು ಧಾರಾಳವಾಗಿ ಸುರಿದೆ. ಚಳಿಗಾಲದ ಬೆಳಗು, ಎಣ್ಣೆ ಬಾಟಲಿಯಲ್ಲಿ ಹೆಪ್ಪುಗಟ್ಟಿದಂತೆ ಚೈನಿನಲ್ಲೂ ಹೆಪ್ಪುಗಟ್ಟಿತು. ಮೇಲೆ ಕೆಮ್ಮಣ್ಣಿನ ದೂಳು ಕೂತು, ಚೈನು ಹುಣಸೆ ಚಿಗಳಿಯಂತಾಯಿತು.

ತಿಪಟೂರಿನ ಸೈಕಲ್ ಷಾಪಿನ ರಹಮತ್ ಸಾಬರು ಅದನ್ನು ಮೂಸಿ ನೋಡಿದರು.

"ಏನಮ್ಮಾ, ಚೈನಿಗೆ ಜಡೆ ಹಾಕೋಕೆ ಹೊರಟಿದ್ರಾ?"

ಅವರು ನಮ್ಮವರ ಹಳೆಯ ಸ್ನೇಹಿತರು. ನಾನೂ ಬಹಳ ದಿನದ ಮೇಲೆ ನಕ್ಕೆ. "ಷಾಕೂ ನೋಡ್ಬುಡಿ" ಎಂದೆ. "ಪಂಚರ್ ಹಾಕ್ತೀನಿ, ಬ್ರೇಕ್ ನೋಡ್ತೀನಿ. ಷಾಕು ನಂಗೂ ಬರಲ್ಲ ಕಣಮ್ಮ. ಅದೇನಿದ್ರೂ ನಮ್ ಗೆಳೆಯಂದೇ ಕೈ" ಎಂದರು.

ಹಾಗಾಗಿ ಫೋನಿನ ವಿಡಿಯೋಗಳೇ ಮೇಷ್ಟರಾದವು. ಅರ್ಥವಾಗದ ಮಾತನ್ನು ಬಿಟ್ಟು ಕೈಗಳನ್ನಷ್ಟೇ ನೋಡಿದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚೈನು ತಿಕ್ಕಿದೆ. ಕೊಂಡಿಗೊಂದು ತೊಟ್ಟು ಚೈನಿನ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಒರೆಸಿದೆ. ಷಾಕಿನ ಮೈಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸುವಾಗ ಅದು ಅವರದೇ ಬನಿಯನ್ ಎಂದು ಕಂಡಿತು. ಒರೆಸುವುದನ್ನು ನಿಲ್ಲಿಸಲಿಲ್ಲ.

ಹೈಸ್ಕೂಲಿಗೆ ಸೈಕಲ್ಲಿನಲ್ಲೇ ಹೋದವಳು ನಾನು. ಒಂದು ಬೆಳಿಗ್ಗೆ ಧೈರ್ಯ ಮಾಡಿ ಏರಿದೆ. ಬದುವಿನ ಮೇಲೆ ಎತ್ತಿನ ಗಾಡಿಯಂತೆ ಎತ್ತಿಹಾಕಿತು. ಷಾಕಿನಲ್ಲಿದ್ದದ್ದು ಅವರ ತೂಕದ ಗಾಳಿ; ನಾನು ಅವರ ಅರ್ಧಕ್ಕಿಂತ ತುಸು ಹೆಚ್ಚು. ಒಂದಿಷ್ಟು ಬಿಟ್ಟರೆ ಸರಿಹೋಗುತ್ತಿತ್ತು. ಅವರ ಅಂಗಿಗಳನ್ನು ಕೊಡುವಾಗಲೂ ಇಷ್ಟು ಹಿಂದೆಮುಂದೆ ನೋಡಿರಲಿಲ್ಲ. ಬರೀ ಗಾಳಿ ಎಂದು ನನಗೂ ಗೊತ್ತು. ಆದರೆ ಪಂಪು ಒತ್ತಿ, ಬೆವರು ಒರೆಸಿಕೊಂಡು ಅವರು ತುಂಬಿದ ಗಾಳಿ.

ಕೊನೆಗೆ ಪಂಪು ಸಿಕ್ಕಿಸಿದಾಗ ಅದರ ಅಳತೆಯ ಮುಳ್ಳು ಅವರು ಯಾವಾಗಲೂ ನಿಲ್ಲಿಸುತ್ತಿದ್ದ ಗೆರೆಯಲ್ಲಿ ಇರಲಿಲ್ಲ. ನಾನು ಕಾವಲು ಕಾಯುತ್ತಿರುವಾಗಲೇ ಒಂದಿಷ್ಟು ತಾನಾಗಿ ಇಳಿದುಹೋಗಿತ್ತು. ಉಳಿದದ್ದರಲ್ಲಿ ನನಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕದ್ದನ್ನು ಬಿಟ್ಟೆ. ಪುಸ್ಸೆಂದಿತು, ಅಷ್ಟೆ.

ಈಗ ಸೈಕಲ್ಲು ಬದುವಿನ ಮೇಲೆ ಮೆತ್ತಗೆ ಹೋಗುತ್ತದೆ. ಮೈದುನ ಮತ್ತೆ ಕೊಡುವ ಮಾತೆತ್ತಿಲ್ಲ. ಗಾಳಿ ನೋಡುವ ದಿನ ಅಂಗಳದ ತೆಂಗಿನ ಮರಕ್ಕೆ ಒರಗಿಸಿ ಏರಿ ಕೂರುತ್ತೇನೆ, ಅಲುಗಾಡದಂತೆ ಇಳಿದು ರಿಂಗು ನೋಡುತ್ತೇನೆ. ಮರ ಗಟ್ಟಿಯಾಗಿಯೇ ಹಿಡಿಯುತ್ತದೆ. ಹಾಲು ಉಕ್ಕುತ್ತಿದೆ ಎಂದು ನಾನು ಬೈಯಲು ಎದುರಿಗೆ ಅವರಿಲ್ಲ.