ತಮ್ಮನ ನಾಲಿಗೆ

ಟೈಲರಕ್ಕನಿಗೆ ಪಾಠ ಹೇಳುವ ಚಪಲ ಮೊದಲಿನಿಂದ ಇದ್ದದ್ದಲ್ಲ. ಕೊರಳಿಗೆ ಅಳತೆ ಟೇಪು ಇಳಿಬಿಟ್ಟುಕೊಂಡು, ತುಟಿಯ ನಡುವೆ ಎರಡು ಗುಂಡುಸೂಜಿ ಕಚ್ಚಿಕೊಂಡು ಮೂವತ್ತು ವರ್ಷ ಹೊಲಿದ ಹೆಂಗಸು ಅವಳು. ಬಾಯಲ್ಲಿ ಸೂಜಿ ಇದ್ದವರು ಹೆಚ್ಚು ಮಾತಾಡುವಂತಿಲ್ಲ, ಕೇಳಿಸಿಕೊಳ್ಳುವುದೇ ಜಾಸ್ತಿ. ಆ ಗುಣ ನೋಡಿಯೇ ಆರೋಗ್ಯ ಕೇಂದ್ರದ ನರ್ಸಮ್ಮ ಅವಳ ಬೆನ್ನು ಹತ್ತಿದ್ದು. ಮನಸ್ಸಿನ ಕಾಯಿಲೆ ಇದ್ದವರ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ಬಡಾವಣೆಯ ಜನಕ್ಕೆ ಕಲಿಸಬೇಕಿತ್ತು. ದೊಡ್ಡ ಡಾಕ್ಟರು ಬಂದು ಭಾಷಣ ಮಾಡಿದರೆ ಜನ ತೂಕಡಿಸುತ್ತಾರೆ, ದಿನಾ ಮುಖ ನೋಡುವವರು ಹೇಳಿದರೆ ಕಿವಿ ಕೊಡುತ್ತಾರೆ ಎನ್ನುವುದು ನರ್ಸಮ್ಮನ ಲೆಕ್ಕಾಚಾರ. ಹಾಗಾಗಿ ಜನ ಕೂತು ಹರಟುವ ಅಂಗಡಿಗಳನ್ನೇ ಹುಡುಕಿಕೊಂಡು ಹೋದಳು. ಕ್ಷೌರದಂಗಡಿಯವನು ಕರೆದ ಕೂಡಲೇ ಒಪ್ಪಿದ. ಈ ಬಡಾವಣೆಯ ತಲೆಗಳೆಲ್ಲ ತನ್ನ ಕೈ ದಾಟಿಯೇ ಹೋಗುವುದು, ಒಳಗೇನಿದೆ ಅಂತ ತನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅಂತ ಬೀಗಿದ. ಟೈಲರಕ್ಕ ಮಾತ್ರ ಎರಡು ತಿಂಗಳು ಸತಾಯಿಸಿ, ಆಮೇಲೆ ಹೂಂ ಅಂದಳು.

ಶನಿವಾರ ಮಧ್ಯಾಹ್ನ ವಾಚನಾಲಯದ ಹಿಂದಿನ ಕೋಣೆಯಲ್ಲಿ ತರಗತಿ. ಹಳೆಯ ಪೇಪರಿನ ಕಟ್ಟುಗಳನ್ನು ಗೋಡೆಗೆ ಒತ್ತಿ, ಇಪ್ಪತ್ತು ಕುರ್ಚಿ ಹಾಕಿದರೆ ಕಾಲು ಚಾಚಲೂ ಜಾಗ ಉಳಿಯುತ್ತಿರಲಿಲ್ಲ. ಅಲ್ಲಿ ನಿಂತಳೆಂದರೆ ಟೈಲರಕ್ಕ ಬೇರೆಯೇ ಹೆಂಗಸು. ಯಾರಿಗೋ ಇಲ್ಲದ ದನಿ ಕೇಳಿಸಿದರೆ ವಾದಕ್ಕೆ ಇಳಿಯಬೇಡಿ, ಅಣಕಿಸಬೇಡಿ, ಭಯವಾಗ್ತಿದೆಯಾ ಅಂತ ಕೇಳಿ, ಪಕ್ಕದಲ್ಲಿ ಕೂತುಕೊಳ್ಳಿ ಅನ್ನುವಳು. ಹುಚ್ಚ ಅನ್ನುವ ಪದ ಯಾರ ಬಾಯಿಂದಲಾದರೂ ಬಂದರೆ ಅಳತೆ ತಪ್ಪಿದ ರವಿಕೆ ನೋಡಿದಂತೆ ನೋಡುವಳು. ಕಣ್ಣಾರೆ ಕಂಡು ಉಂಡವರ ಮಾತಿಗೆ ಇರುವ ತೂಕವೇ ಬೇರೆ. ಆದರೆ ನರ್ಸಮ್ಮ ಕೊಟ್ಟ ಹಾಳೆಯಲ್ಲಿ ಒಂದು ಸಾಲಿತ್ತು: ರೋಗಿಗೆ ತಿಳಿಯದಂತೆ ಊಟ ತಿಂಡಿಯಲ್ಲಿ ಔಷಧಿ ಬೆರೆಸಬೇಡಿ. ಅದನ್ನು ಮಾತ್ರ ತಲೆ ಬಗ್ಗಿಸಿ, ಗಡಿಬಿಡಿಯಲ್ಲಿ ಓದಿ ಮುಂದೆ ಹೋಗುತ್ತಿದ್ದಳು.

ಕಾರಣ ಅವಳ ತಮ್ಮ. ಒಂಬತ್ತು ವರ್ಷ ಚಿಕ್ಕವನು. ತಾಯಿ ಹೋದ ಮೇಲೆ ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಅವನು ಕಾಫಿಪುಡಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬೀಜ ಹುರಿದು, ಪುಡಿ ಮಾಡಿ, ಡಿಕಾಕ್ಷನ್ ಇಳಿಸಿ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದ. ಎರಡು ನಿಮಿಷ ಹೆಚ್ಚು ಹುರಿದಿದ್ದರೆ ಹೇಳುತ್ತಿದ್ದ, ಚಿಕೋರಿ ಒಂದು ಚಮಚ ಹೆಚ್ಚಾಗಿದ್ದರೆ ಹೇಳುತ್ತಿದ್ದ. ಅವನು ತಲೆಯಾಡಿಸುವ ತನಕ ಮಾಲೀಕ ಪುಡಿಯನ್ನು ಮಾರಾಟಕ್ಕೆ ಇಡುತ್ತಿರಲಿಲ್ಲ. ನಮ್ಮವನ ಆಸ್ತಿ ಎಲ್ಲಾ ನಾಲಿಗೆಯಲ್ಲೇ ಇದೆ ಅಂತ ಅಕ್ಕ ಗಿರಾಕಿಗಳ ಮುಂದೆ ಹೇಳಿಕೊಂಡು ಹಿಗ್ಗುತ್ತಿದ್ದಳು.

ಇಪ್ಪತ್ತಾರನೇ ವಯಸ್ಸಿನಲ್ಲಿ ಅವನಿಗೆ ಕಿಟಕಿಯ ಹೊರಗೆ ಯಾರೋ ಮಾತಾಡುವುದು ಕೇಳಿಸತೊಡಗಿತು. ಅವರು ತನ್ನನ್ನೇ ಆಡಿಕೊಳ್ಳುತ್ತಾರೆ ಅಂತ ಊಟ ಬಿಟ್ಟು ಕಿಟಕಿಗೆ ಅಂಟಿಕೊಂಡು ನಿಲ್ಲುತ್ತಿದ್ದ. ಡಾಕ್ಟರು ಮಾತ್ರೆ ಬರೆದರು. ಅವನು ಸುತರಾಂ ಒಪ್ಪಲಿಲ್ಲ. ಅಕ್ಕ ಗೋಗರೆದಳು, ಬೈದಳು, ಅತ್ತಳು. ರವಿಕೆ ಹೊಲಿಸಲು ಬಂದ ಯಾರೋ ಪುಣ್ಯಾತ್ಗಿತ್ತಿ, ಅಷ್ಟೇನಾ, ಕಾಫಿಗೆ ಹಾಕಿಬಿಡಿ ಅಂದಳು. ಲೋಕದ ಯಾವ ತಮ್ಮನಿಗಾದರೂ ಕಾಫಿಯಲ್ಲಿ ಮಾತ್ರೆ ಬೆರೆಸಿ ದಕ್ಕಿಸಿಕೊಳ್ಳಬಹುದಿತ್ತೇನೋ, ಈ ತಮ್ಮನಿಗೆ? ಆದರೆ ಕಂಗಾಲಾದವರಿಗೆ ಅಷ್ಟು ಯೋಚನೆ ಎಲ್ಲಿ ಬರುತ್ತದೆ. ಕತ್ತರಿಯ ಹಿಡಿಯಿಂದ ಮಾತ್ರೆ ಪುಡಿ ಮಾಡಿ, ಸಕ್ಕರೆ ಹೆಚ್ಚು ಹಾಕಿ ಕೊಟ್ಟಳು. ಎರಡನೆಯ ದಿನವೇ ಅವನು ಲೋಟ ಕೆಳಗಿಟ್ಟ.

“ಅಕ್ಕಾ, ಇದರಲ್ಲಿ ಏನೋ ಕಹಿ ಇದೆ.”

“ಏನೂ ಇಲ್ಲ ಕಣೋ. ಕಾಯಿಲೆಯಿಂದ ನಿನಗೆ ಹಾಗೆ ಅನ್ನಿಸ್ತಿದೆ.”

ಅವನು ಅವಳ ಮುಖ ನೋಡಿ ಲೋಟ ಎತ್ತಿ ಕುಡಿದ. ನಾಲಿಗೆಯನ್ನು ಬಿಟ್ಟು ಅಕ್ಕನನ್ನು ನಂಬಿದ. ಹೀಗೇ ಎಂಟು ತಿಂಗಳು ನಡೆಯಿತು. ದಿನಾ ಅವನು ಕೇಳುವುದು, ದಿನಾ ಅವಳು ಇಲ್ಲ ಅನ್ನುವುದು. ಕೊನೆಗೆ ಒಂದು ದಿನ ಅವನೇ ಅಂಗಡಿಗೆ ಹೋಗಿ, ನನ್ನ ನಾಲಿಗೆ ಕೆಟ್ಟಿದೆ, ಇಲ್ಲದ ಕಹಿ ಎಲ್ಲದರಲ್ಲೂ ಸಿಗುತ್ತದೆ, ಇನ್ನು ನನ್ನ ಮಾತು ನಂಬಿ ಪುಡಿ ಮಾರಬೇಡಿ ಅಂತ ಹೇಳಿ ಕೆಲಸ ಬಿಟ್ಟು ಬಂದ. ಆಮೇಲೆ ನೀರನ್ನೂ ಮುಟ್ಟದೆ ಬಿದ್ದುಕೊಂಡಾಗ ಆಸ್ಪತ್ರೆಗೆ ಸೇರಿಸಬೇಕಾಯಿತು.

ಆಸ್ಪತ್ರೆಯಲ್ಲಿ ನಡೆದದ್ದೇ ಅವಳ ಹೊಟ್ಟೆಗೆ ಬೆಂಕಿ ಇಟ್ಟದ್ದು. ಅಲ್ಲಿನ ಒಬ್ಬ ವಯಸ್ಸಾದ ದಾದಿ ಅವನ ಅಂಗೈ ಮೇಲೆ ಮಾತ್ರೆ ಇಟ್ಟು, ಇದು ಇಂಥದ್ದು, ಆ ದನಿಗಳು ಕಡಿಮೆಯಾಗುತ್ತವೆ, ಬಾಯಿ ಸ್ವಲ್ಪ ಒಣಗುತ್ತದೆ, ನುಂಗುತ್ತೀರಾ ಅಂತ ಕೇಳಿದಳು. ಅವನು ಐದು ನಿಮಿಷ ಯೋಚಿಸಿದ, ನುಂಗಿದ. ಅಷ್ಟೇ. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವತ್ತೇ ನಿಜ ಹೇಳಬೇಕಿತ್ತು. ಈಗಷ್ಟೇ ಚೇತರಿಸಿಕೊಳ್ಳುತ್ತಿದ್ದಾನೆ, ಆಮೇಲೆ ಹೇಳೋಣ ಅಂದುಕೊಂಡಳು. ಆಮೇಲೆ ಆಮೇಲೆ ಅನ್ನುತ್ತಲೇ ಹನ್ನೊಂದು ವರ್ಷ ಕಳೆಯಿತು.

ತಮ್ಮ ಗೆಲುವಾದ. ಅಕ್ಕನ ಅಂಗಡಿಯಲ್ಲೇ ಗುಂಡಿ ಹಾಕುತ್ತಾ, ಅಂಚು ಮಡಿಸಿ ಹೊಲಿಯುತ್ತಾ ಕೂತ. ಮಾತ್ರೆಯನ್ನು ತಾನೇ ಮರೆಯದೆ ತೆಗೆದುಕೊಳ್ಳುತ್ತಿದ್ದ. ಕಾಫಿ ಮಾತ್ರ ಮತ್ತೆ ಮುಟ್ಟಲಿಲ್ಲ. ಹಳೆಯ ಮಾಲೀಕ ಒಮ್ಮೆ ಕರೆಯಲು ಬಂದಾಗ, ಆ ನಾಲಿಗೆ ಹೋಯಿತು ಅಂತ ನಕ್ಕು ಕಳಿಸಿದ. ಅಕ್ಕ ಆವತ್ತು ಹೊಲಿದ ಮೂರು ಅಂಗಿಯನ್ನೂ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಈ ತಮ್ಮನೇ ಬಂದು ತರಗತಿಯಲ್ಲಿ ನಾಲ್ಕು ಮಾತು ಹೇಳಲಿ ಅಂತ ನರ್ಸಮ್ಮನಿಗೆ ಆಸೆ ಹುಟ್ಟಿತು. ಕಾಯಿಲೆ ದಾಟಿ ಬಂದವನ ಬಾಯಿಂದ ಕೇಳಿದರೆ ಅದರ ಕಳೆಯೇ ಬೇರೆ ಅಂದಳು. ಟೈಲರಕ್ಕ ಏನೇನೋ ನೆಪ ಹೇಳಿ ನೋಡಿದಳು. ತಮ್ಮ ಮಾತ್ರ ಮದುವೆ ಗಂಡಿನಂತೆ ಸಂಭ್ರಮಪಟ್ಟು ಒಂದು ವಾರ ಕೂತು ಬರೆದ, ಬರೆದದ್ದನ್ನು ಅಕ್ಕನಿಗೂ ತೋರಿಸಲಿಲ್ಲ.

ಶನಿವಾರ ಕೋಣೆ ತುಂಬಿತ್ತು. ತಮ್ಮ ಮೊದಲು ತಡವರಿಸಿದ, ಆಮೇಲೆ ಲಯ ಹಿಡಿದ. ಕಿಟಕಿಯ ದನಿಗಳ ಬಗ್ಗೆ ಹೇಳಿದ, ಕೇಳಿದವರ ಕಣ್ಣು ಒದ್ದೆಯಾಯಿತು. ಆಮೇಲೆ ಅಕ್ಕನ ಕಡೆ ತಿರುಗಿದ.

“ಕಾಯಿಲೆ ಎಷ್ಟು ಬಲಿತಿತ್ತು ಅಂದ್ರೆ, ನನ್ನ ಸಾಕಿದ ಅಕ್ಕನೇ ಕಾಫೀಲಿ ಏನೋ ಬೆರೆಸ್ತಾಳೆ ಅಂತ ಅನ್ಕೊಂಡಿದ್ದೆ. ಈ ಮುಖ ನೋಡಿ, ಬೆರೆಸೋ ಮುಖಾನಾ ಇದು? ಅಕ್ಕಾ, ಇವತ್ತು ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ.”

ಜನ ಮೆಲ್ಲಗೆ ನಕ್ಕರು, ಪ್ರೀತಿಯಿಂದಲೇ ನಕ್ಕರು. ಕ್ಷೌರದಂಗಡಿಯವನು ಚಪ್ಪಾಳೆ ತಟ್ಟಿದ. ಟೈಲರಕ್ಕ ನೆಲ ನೋಡುತ್ತಾ ಕೂತಳು. ಅಷ್ಟಕ್ಕೇ ಮುಗಿದಿದ್ದರೆ ಅವಳು ಈ ಸಲವೂ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದಳು, ಸುಳ್ಳು ಯಾಕೆ ಹೇಳಲಿ. ಆದರೆ ಕೊನೆಯ ಸಾಲಿನಿಂದ ಇಸ್ತ್ರಿ ಅಂಗಡಿಯ ಹೆಂಗಸು ಎದ್ದು ನಿಂತಳು. ತನ್ನ ಮಗಳಿಗೂ ಇದೇ ಕಾಯಿಲೆ, ಮಾತ್ರೆ ಒಲ್ಲೆ ಅನ್ನುತ್ತಾಳೆ ಅಂತ ಹಾಲಿನಲ್ಲಿ ಹಾಕಿ ಕೊಡುತ್ತಿದ್ದೇನೆ, ಹಾಲು ಕಹಿ ಅಂತ ದಿನಾ ರಂಪ ಮಾಡುತ್ತಾಳೆ ಅಂದಳು. ಬರುವ ವಾರ ಅವಳನ್ನೂ ಕರೆತರುತ್ತೇನೆ, ಈ ಅಣ್ಣನ ಮಾತು ಕೇಳಿದರೆ ಎಲ್ಲ ತನ್ನ ಭ್ರಮೆ ಅಂತ ತಿಳಿದುಕೊಂಡು ತೆಪ್ಪಗೆ ಕುಡಿದಾಳು ಅಂದಳು. ತಮ್ಮ ಒಂದು ಗಳಿಗೆ ಗೊಂದಲಗೊಂಡವನು, ಕರೆದುಕೊಂಡು ಬನ್ನಿ, ನಾನು ಸಮಾಧಾನ ಹೇಳುತ್ತೇನೆ ಅಂದ.

ಟೈಲರಕ್ಕ ಎದ್ದಳು. ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

“ಕರ್ಕೊಂಡು ಬರಬೇಡಿ. ಆ ಹುಡುಗಿ ಹೇಳ್ತಿರೋದು ಸರಿ. ಇವನು ಹೇಳಿದ್ದೂ ಸರಿಯಾಗೇ ಇತ್ತು. ನಾನು ಬೆರೆಸ್ತಿದ್ದೆ. ಎಂಟು ತಿಂಗಳು ಬೆರೆಸಿದೆ, ಕೇಳಿದಾಗೆಲ್ಲ ಇಲ್ಲ ಅಂದೆ. ಇವನ ನಾಲಿಗೆ ಯಾವತ್ತೂ ಕೆಟ್ಟಿರಲಿಲ್ಲ.”

ನರ್ಸಮ್ಮ ಇಸ್ತ್ರಿಯವಳ ಪಕ್ಕಕ್ಕೆ ಹೋಗಿ ಕೂತು, ಮಗಳಿಗೆ ಹೇಗೆ ನಿಜ ಹೇಳಬೇಕು, ಡಾಕ್ಟರ ಹತ್ತಿರ ಏನು ಕೇಳಬೇಕು ಅಂತ ಮೆತ್ತಗೆ ಹೇಳತೊಡಗಿದಳು. ಆ ಮಟ್ಟಿಗೆ ಅವತ್ತಿನ ಪಾಠ ಒಂದು ಮನೆಗಾದರೂ ತಲುಪಿತು. ತಮ್ಮ ತನ್ನ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟ. ತರಗತಿ ಮುಗಿದ ಮೇಲೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ. ಅಕ್ಕನ ಜೊತೆಯೇ ನಡೆದು ಮನೆಗೆ ಬಂದ.

ಅಂಗಡಿಯೂ ಮನೆಯೂ ಒಂದೇ. ಮುಂದೆ ಮೆಷಿನ್ನು, ಹಿಂದೆ ಒಲೆ. ಅವನು ಎಂದಿನಂತೆ ಕೂತು ಒಂದು ಅಂಗಿಗೆ ಗುಂಡಿ ಹಾಕತೊಡಗಿದ. ಅಕ್ಕ ಮೆಷಿನ್ನಿನ ಮುಂದೆ ಕೂತಳೇ ಹೊರತು ಕಾಲು ಆಡಲಿಲ್ಲ. ಅವನು ಕೂಗಾಡಿದ್ದರೆ, ಕೈಗೆ ಸಿಕ್ಕಿದ್ದು ಎಸೆದಿದ್ದರೆ ಅವಳ ಎದೆ ಹಗುರಾಗುತ್ತಿತ್ತು. ಅವನು ಆರು ಗುಂಡಿ ಹಾಕಿ ಮುಗಿಸಿ ದಾರ ಕಡಿದ.

“ಹಾಗಾದ್ರೆ ನಾನು ಆ ಕೆಲಸ ಬಿಡಬೇಕಾಗಿರ್ಲಿಲ್ಲ.”

“ಇರ್ಲಿಲ್ಲ ಕಣೋ,” ಅಂದಳು. ಇನ್ನು ಅವನಿಗೆ ಒಂದೂ ಸುಳ್ಳು ಹೇಳಬಾರದು ಅಂತ ದಾರಿಯಲ್ಲೇ ನಿಶ್ಚಯ ಮಾಡಿದ್ದಳು.

ಅವನು ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟು ಕೇಳಿದ. “ಮತ್ತೆ ಕಿಟಕಿ ಹೊರಗೆ ಮಾತಾಡ್ತಿದ್ರಲ್ಲಾ, ಅವರು?”

“ಯಾರೂ ಇರ್ಲಿಲ್ಲ. ನಿನ್ನಾಣೆಗೂ ಯಾರೂ ಇರ್ಲಿಲ್ಲ ಕಣಪ್ಪಾ.”

ಅದು ಅಪ್ಪಟ ನಿಜ. ಆ ದಿನಗಳಲ್ಲಿ ಅವಳು ನೂರು ಸಲ ಹೊರಗೆ ಹೋಗಿ ನೋಡಿ ಬಂದಿದ್ದಳು, ಬರಿಯ ಗೋಡೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಅದನ್ನೂ ಬಿಡಿಸಿ ಬಿಡಿಸಿ ಹೇಳಿದಳು. ಅವನು ಕೊನೆಯ ತನಕ ಕೇಳಿಸಿಕೊಂಡು, ಅವಳ ಮುಖವನ್ನೇ ನೋಡುತ್ತಾ ಕೂತ. ಆಮೇಲೆ ಅಂಗಿಯನ್ನು ಪಕ್ಕಕ್ಕಿಟ್ಟು ಎದ್ದು ಹೋಗಿ, ಹನ್ನೊಂದು ವರ್ಷದ ನಂತರ ಮೊದಲ ಸಲ, ಕಿಟಕಿ ತೆರೆದು ಹೊರಗೆ ಇಣುಕಿ ನೋಡಿದ.