ಕಲ್ಲಿನ ಮೇಲೆ ತಪ್ಪಿದ ಕಣ್ಣು

ಇಮಾಮಸಾಬನ ಚಾಕು ಜಪ್ತಾಯಿತು. ಎಷ್ಟು ಉದ್ದದ ಚಾಕು ಎಂದು ಕೇಳಿ. ನನ್ನ ಕಿರುಬೆರಳಿನಷ್ಟು!

ಹತ್ಯಾರ ಒಪ್ಪಿಸುವ ಹುಕುಂ ಬಂದ ಮೇಲೆ ನಮ್ಮ ಗಜೇಂದ್ರಗಡದಲ್ಲಿ ಏನೇನು ಹೋಯಿತೆಂದು ನಿಮಗೂ ಗೊತ್ತು. ಅಜ್ಜಂದಿರ ಕತ್ತಿ ಹೋದವು. ಗೋಡೆಗೆ ತೂಗುಬಿದ್ದು ತುಕ್ಕು ಹಿಡಿದಿದ್ದ ಬಂದೂಕು ಹೋದವು. ಸರಿ, ನರಗುಂದದ ಗಲಾಟೆಯಾದ ಮೇಲೆ ಸರಕಾರ ಹೆದರಿದೆ, ಒಯ್ಯಲಿ. ಆದರೆ ಚಿತ್ರ ಬರೆಯುವವನ ಚಾಕು ಒಯ್ದು ಏನು ಮಾಡುತ್ತಾರೆ?

"ಇದರಿಂದ ಯಾರನ್ನ ಕೊಲ್ಲಾಕ ಬರತೈತ್ರಿ?" ಎಂದು ಇಮಾಮಸಾಬ ಸಿಪಾಯಿಯನ್ನು ಕೇಳಿದ. ಸಿಪಾಯಿಗೂ ಅನುಮಾನ ಬಂತು. ಅವನು ಪಕ್ಕದಲ್ಲಿದ್ದ ಕಾರಕೂನನ ಮುಖ ನೋಡಿದ. ರೋಣದ ಕಚೇರಿಯ ಕಾರಕೂನ ಅವನು. ಯಾರ ಮನೆಯ ನೆಲದಡಿಯ ಹಗೇವಿನಲ್ಲಿ ಜೋಳದ ಕೆಳಗೆ ಏನಿದೆ ಎಂದು ತೋರಿಸಿಕೊಡುವುದೇ ಈಗ ಅವನ ಡ್ಯೂಟಿ.

"ತಗೋರಿ, ತಗೋರಿ. ಚೂಪೈತಿ" ಎಂದ ಕಾರಕೂನ.

ಚಾಕು ಹೋಯಿತು. ಕತೆ ಅಲ್ಲಿಗೇ ಮುಗಿದಿದ್ದರೆ ನಾನು ಈ ವಾರ ನಗುತ್ತಾ ಬರೆಯುತ್ತಿದ್ದೆ. (ಈ ಬರಹದ ಮೇಲಿನ ಚೌಕ ಖಾಲಿ ಇದೆ, ಮಸಿ ಹತ್ತಿಲ್ಲ ಎಂದು ಈಗಲೇ ಬೈಯಬೇಡಿ. ಅದಕ್ಕೂ ಬರುತ್ತೇನೆ.)

ಇಮಾಮಸಾಬ ಯಾರು ಎಂದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ಅವನ ಚಿತ್ರ ಮಾತ್ರ ಎಲ್ಲರಿಗೂ ಗೊತ್ತು. ನಮ್ಮ ಪೇಪರಿನಲ್ಲಿ ಪ್ರತಿವಾರ ಇದೇ ಜಾಗದಲ್ಲಿ ಬರುತ್ತಿತ್ತಲ್ಲ, ದೊಡ್ಡ ಹೊಟ್ಟೆಯ ಫೌಜದಾರ, ಕುದುರೆಗಿಂತ ಉದ್ದ ಮೂಗಿನ ಶಿರಸ್ತೇದಾರ, ಅವೆಲ್ಲ ಅವನ ಕೈಯವು. ಮೊದಲು ಅವನು ವಾಡೆಯ ದೊರೆಗಳು ಇಸ್ಪೀಟಿನ ಹಾಗೆ ಆಡುವ ಗಂಜೀಫದ ಎಲೆಗಳ ಮೇಲೆ ರಾಜರನ್ನು, ಮಂತ್ರಿಗಳನ್ನು ಬರೆಯುತ್ತಿದ್ದ. ಈಗ ವಾಡೆಗಳಲ್ಲಿ ಎಲೆ ಆಡುವವರು ಯಾರಿದ್ದಾರೆ? ಕೆಲವರು ಸತ್ತರು, ಕೆಲವರು ಜೈಲಿನಲ್ಲಿದ್ದಾರೆ, ಉಳಿದವರಿಗೆ ಆಟ ಬೇಡವಾಗಿದೆ. ಹಾಗಾಗಿ ಅವನು ನಮ್ಮ ಕಲ್ಲಚ್ಚಿನ ಪ್ರೆಸ್ಸಿಗೆ ಬಂದ.

ಬಂದ ದಿನವೇ ನಮ್ಮ ಮಾಲಕ ವೀರಭದ್ರಪ್ಪ ಶೆಟ್ಟರು ಅವನಿಗೊಂದು ಆರ್ಡರ್ ಮಾಡಿದ್ದರು. "ಇಮಾಮಸಾಬ, ಸಾಹೇಬರ ಟೊಪಿಗಿ ಬರೀಬ್ಯಾಡಪಾ. ಕಾರಕೂನನ ರುಮಾಲಾ ಎಷ್ಟರ ಬರಿ, ಹೆಂಗರ ಬರಿ."

ಟೊಪ್ಪಿಗೆ ಬರೆದರೆ ಪ್ರೆಸ್ಸಿಗೆ ಬೀಗ. ರುಮಾಲು ಬರೆದರೆ ಜನರ ನಗೆ. ವ್ಯಾಪಾರಿ ಶೆಟ್ಟರಿಗೆ ಲೆಕ್ಕ ಸರಿಯಾಗಿ ಗೊತ್ತಿತ್ತು. ಹೀಗೆ ಮೇಲಿನವರ ಮೇಲಿನ ಸಿಟ್ಟೆಲ್ಲ ಕೆಳಗಿನವರ ಮೇಲೆ ಇಳಿಯುತ್ತ ಬಂತು. ಎಲ್ಲಿಯವರೆಗೆ ಇಳಿಯಿತು ಎಂಬುದೇ ಈ ವಾರದ ವಿಷಯ.

ಚಾಕು ಕಳೆದುಕೊಂಡ ಇಮಾಮಸಾಬ ಸಿಟ್ಟಿನಲ್ಲಿ ಕೂತು ಒಂದು ಚಿತ್ರ ಬರೆದ. ಮನೆಯೊಳಗೆ ಒಬ್ಬ ಹೆಂಗಸು ಈಳಿಗೆಯ ಮುಂದೆ ಕೂತು ಬದನೆಕಾಯಿ ಹೆಚ್ಚುತ್ತಿದ್ದಾಳೆ. ಕಿಟಕಿಯಲ್ಲಿ ಒಬ್ಬ ಒಕ್ಕಣ್ಣ, ಕಂಕುಳಲ್ಲಿ ಬಟ್ಟೆಯ ಗಂಟು. ಹಿಂದೆ ನಿಂತ ಸಿಪಾಯಿಗೆ ಬೆರಳು ಮಾಡಿ ಹೇಳುತ್ತಿದ್ದಾನೆ: "ಇಲ್ಲೈತ್ರಿ ಭಾರೀ ಹತ್ಯಾರ!" ಒಕ್ಕಣ್ಣ ಯಾರು? ಅದೇ ಕಾರಕೂನ. ಸಿಡುಬಿನಲ್ಲಿ ಅವನ ಒಂದು ಕಣ್ಣು ಹೋಗಿದೆ. ಕಂಕುಳಲ್ಲಿದ್ದದ್ದು ಅವನ ಕಚೇರಿಯ ಕಾಗದಪತ್ರ ಕಟ್ಟಿದ ದಫ್ತರ.

ಕಲ್ಲಚ್ಚಿನ ಒಂದು ಸಂಕಟ ಹೇಳಬೇಕು. ನುಣುಪಾದ ಕಲ್ಲಿನ ಮೇಲೆ ಎಣ್ಣೆಮಸಿಯಲ್ಲಿ ಬರೆಯುತ್ತಾರೆ, ಅದರ ಮೇಲೆ ಹಾಳೆ ಹಾಕಿ ಒತ್ತುತ್ತಾರೆ. ಕಲ್ಲಿನ ಬಲ ಹಾಳೆಯಲ್ಲಿ ಎಡವಾಗುತ್ತದೆ. ಅದಕ್ಕೇ ಅಕ್ಷರ, ಮುಖ, ಕೈಕಾಲು ಎಲ್ಲವನ್ನೂ ಕನ್ನಡಿಯಲ್ಲಿ ಕಾಣುವ ಹಾಗೆ ತಿರುವಿ ಬರೆಯಬೇಕು. ತಪ್ಪಿದರೆ ಚಾಕುವಿನಿಂದ ಅಷ್ಟನ್ನು ಕೆರೆದು ತಿದ್ದುತ್ತಾರೆ. ಇಮಾಮಸಾಬನಿಗೆ ಇದೆಲ್ಲ ನೀರು ಕುಡಿದ ಹಾಗೆ. ಆದರೆ ಆ ದಿನ ಅವನ ತಲೆ ಬಿಸಿಯಾಗಿತ್ತು. ಎದುರಿಗೆ ನಿಂತು "ಚೂಪೈತಿ" ಎಂದ ಮುಖವನ್ನು ಕಣ್ಣಿಗೆ ಕಂಡ ಹಾಗೇ ಕಲ್ಲಿನ ಮೇಲೆ ಇಳಿಸಿಬಿಟ್ಟ.

ಪ್ರೂಫ್ ತೆಗೆದಾಗ ಅವನಿಗೇ ಗೊತ್ತಾಯಿತು. ಕಾರಕೂನನಿಗೆ ಕಾಣದಿರುವುದು ಬಲಗಣ್ಣು. ಹಾಳೆಯ ಮೇಲೆ ಎಡಗಣ್ಣು ಕುರುಡಾಗಿತ್ತು. ಕೆರೆದು ತಿದ್ದೋಣವೆಂದರೆ ಚಾಕು ಎಲ್ಲಿದೆ? ರೋಣದ ಕಚೇರಿಯಲ್ಲಿ, ಕತ್ತಿಗಳ ರಾಶಿಯಲ್ಲಿ.

"ಎಡಗಣ್ಣಾದರೇನು, ಬಲಗಣ್ಣಾದರೇನು? ಯಾರು ಅಂತ ಹುಡುಗರಿಗೂ ತಿಳಿತೈತಿ. ಲಗೂ ಒತ್ತು" ಎಂದರಂತೆ ಶೆಟ್ಟರು.

ಆ ವಾರ ನಾನು ರೋಣದಲ್ಲಿ ಭಾವನ ಮನೆಯಲ್ಲಿದ್ದೆ. ಪೇಪರ್ ಬಂತು. ಅಂಗಡಿಕಟ್ಟೆಯ ಮೇಲೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣು ಯಾವ ಕಡೆ ಎಂದು ಒಬ್ಬರೂ ನೋಡಲಿಲ್ಲ. ದಿನಾ ನೋಡುವ ಮುಖವಲ್ಲವೇ, ಗುರುತು ಹಿಡಿಯಲು ಕಣ್ಣು ಯಾಕೆ ಬೇಕು? ಅಷ್ಟರಲ್ಲಿ ಕಾರಕೂನನೇ ಬಂದ.  ಅವನು ಹಾಳೆ ಕೈಗೆ ತೆಗೆದುಕೊಂಡು ನಿಧಾನವಾಗಿ ನೋಡಿದ. ಆಮೇಲೆ ನಕ್ಕ.

"ಭಾಳ ಚಲೋ ಬರದಾನ. ಆದರ ಇದು ನಾ ಅಲ್ಲ ಬಿಡ್ರಿ. ನಂದು ಬಲಗಣ್ಣು. ಇವಂದು ಎಡಗಣ್ಣು. ಗಂಟು ಹೊತ್ಕೊಂಡು ಮನಿಮನಿ ಹೊಕ್ಕು ಅಡ್ಯಾಡಾವ ಇವ. ಅಂಥಾವ ಒಬ್ಬ ನರಗುಂದದಾಗ ಅದಾನ, ನಾ ಬಲ್ಲೆ."

ಎಷ್ಟು ತಣ್ಣಗೆ ಹೇಳಿದ ಗೊತ್ತೇ? ಮಳೆ ಬರುವ ಹಾಗಿದೆ ಎಂದು ಹೇಳಿದಷ್ಟು ತಣ್ಣಗೆ.

ನರಗುಂದದಲ್ಲಿ ಆ ಕಾರಕೂನನನ್ನು ಬಲ್ಲವರಿಲ್ಲ. ಬಳೆಗಾರ ಚೆನ್ನಪ್ಪನನ್ನು ಎಲ್ಲರೂ ಬಲ್ಲರು. ಅವನಿಗೆ ಹುಟ್ಟಿನಿಂದ ಎಡಗಣ್ಣಿಲ್ಲ. ಕಂಕುಳಲ್ಲಿ ಸದಾ ಬಳೆಯ ಗಂಟು, ಮಲಾರ. ಯಾವ ಗಂಡಸನ್ನೂ ಬಿಟ್ಟುಕೊಳ್ಳದ ಮನೆಯಲ್ಲೂ ಬಳೆಗಾರನಿಗೆ ನಡುಮನೆಯವರೆಗೆ ದಾರಿ ಇದೆ. ಹೆಂಗಸರು ಅಣ್ಣನ ಮುಂದೆ ಕೂತ ಹಾಗೆ ಕೂತು ಕೈ ಕೊಡುತ್ತಾರೆ. ಈಗ ಚಿತ್ರ ನೋಡಿ. ಎಡಗಣ್ಣು ಕುರುಡು. ಕಂಕುಳಲ್ಲಿ ಗಂಟು. ಹೆಂಗಸಿರುವ ಮನೆಯೊಳಗೆ ಇಣುಕುತ್ತಿರುವ ಮುಖ. ಜೊತೆಗೆ ರೋಣದಿಂದ ಹೊರಟ ಮಾತು.

ಆ ಊರು ಹೋದ ವರ್ಷದಿಂದ ಏನನ್ನು ಕಂಡಿದೆ ಎಂದು ನಾನು ಬರೆಯುವಂತಿಲ್ಲ, ನೀವು ಕೇಳುವಂತೆಯೂ ಇಲ್ಲ. ಹಗೇವಿನಲ್ಲಿ ಕತ್ತಿ ಸಿಕ್ಕಿತೆಂದು ಎಳೆದೊಯ್ದ ಗಂಡಸರು ಇನ್ನೂ ತಿರುಗಿ ಬಂದಿಲ್ಲ. ಅವರ ಮನೆಯವರಿಗೆ ಇದ್ದದ್ದು ಒಂದೇ ಪ್ರಶ್ನೆ: ಹೇಳಿದವರು ಯಾರು? ನಮ್ಮ ಪೇಪರ್ ಹೋಗಿ ಅದಕ್ಕೆ ಉತ್ತರ ಕೊಟ್ಟಿತು.

ಚೆನ್ನಪ್ಪನನ್ನು ಸಂತೆಯಲ್ಲಿ ಹಿಡಿದರು. ಮೊದಲು ಮಲಾರ ಕಿತ್ತುಕೊಂಡು ಅದರಲ್ಲೇ ಮುಖದ ಮೇಲೆ ಹೊಡೆದರು. ಬಳೆ ಒಡೆದವು. ಕಾಣುತ್ತಿದ್ದ ಒಂದೇ ಕಣ್ಣಿನೊಳಗೆ ಗಾಜು ಹೋಯಿತು.

ಸುದ್ದಿ ಬಂದ ದಿನ ಇಮಾಮಸಾಬ ಊಟ ಮಾಡಲಿಲ್ಲ. ಮರುದಿನ ನನ್ನ ಮನೆಯ ಮುಂದೆ ಗಾಡಿ ತಂದು ನಿಲ್ಲಿಸಿದ. "ಮಾಸ್ತರ್ರ, ನರಗುಂದಕ್ಕ ಹೊಂಟೇನಿ. ಒಬ್ಬನ ಹೋಗಾಕ ಧೈರ್ಯ ಸಾಲವಲ್ದು. ಬರ್ರಿ." ಪ್ರೂಫಿನ ವಿಷಯ, ಕಣ್ಣಿನ ವಿಷಯ ಎಲ್ಲ ಅವನು ನನಗೆ ಹೇಳಿದ್ದು ಆ ಗಾಡಿಯಲ್ಲಿ. ಹೇಳಿದ್ದನ್ನೇ ಹೇಳುತ್ತಿದ್ದ. "ಒಂದು ಚಾಕು ಇದ್ದಿದ್ದರ ಸಾಕಿತ್ರಿ, ಒಂದು ಚಾಕು."  ನನಗೆ ಎತ್ತುಗಳ ಗೆಜ್ಜೆಯೂ ಕೇಳಿಸಬಾರದು ಅನ್ನಿಸುತ್ತಿತ್ತು.

ಚೆನ್ನಪ್ಪ ಗೋಡೆಗೆ ಒರಗಿ ಕೂತಿದ್ದ. ಕಣ್ಣಿಗೆ ಅರಿಸಿನ ಹಚ್ಚಿದ ಬಟ್ಟೆ. ಹೆಂಡತಿ ನೀಲವ್ವ ಒಡೆಯದೆ ಉಳಿದ ಬಳೆಗಳನ್ನು ಆರಿಸುತ್ತಿದ್ದಳು. ಇಮಾಮಸಾಬ ಹೊಸ್ತಿಲಲ್ಲೇ ನಿಂತು, "ಆ ಚಿತ್ರ ಬರದಾವ ನಾನರಿ" ಎಂದ. 

ನೀಲವ್ವ ತಲೆ ಎತ್ತಿದಳು. "ನಿನ್ನ ಕೈಯಾಗ ಹುಳಾ ಬೀಳ್ಲಿ! ನಿನಗೇನ ಮಾಡಿದ್ದ ನನ್ನ ಗಂಡ? ನಿನ್ನ ಮಾರಿನರ ನೋಡಿದ್ದನೇನು ಅಂವ?"

"ಇಲ್ಲವ್ವಾ."

"ಮತ್ತ?"

ಇದಕ್ಕೆ ಉತ್ತರ ನಿಮ್ಮಲ್ಲಿದೆಯೇ?

ಚೆನ್ನಪ್ಪ ಅವಳಿಗೆ ಸುಮ್ಮನಿರಲು ಹೇಳಿದ. "ಬಾರಪಾ ಒಳಗ" ಎಂದು ಗಾಳಿಯಲ್ಲಿ ಕೈ ಚಾಚಿದ. ಇಮಾಮಸಾಬ ಕೈ ಕೊಟ್ಟ. ಬಳೆಗಾರನ ರೂಢಿ ನೋಡಿ, ಚೆನ್ನಪ್ಪನ ಬೆರಳು ತಾವಾಗಿಯೇ ಇಮಾಮಸಾಬನ ಗೆಣ್ಣುಗಳನ್ನು ಒತ್ತಿ ಅಳತೆ ತೆಗೆದುಕೊಂಡವು.

"ಸಣ್ಣ ಕೈ" ಎಂದ. "ಚಿತ್ರ ಭಾಳ ಚಲೋ ಇತ್ತಂತ. ಮಂದಿ ಭಾಳ ನಕ್ಕಾರಂತ. ನಾ ನೋಡೇ ಇಲ್ಲ."

ಇಮಾಮಸಾಬ ಅಳಲು ಶುರು ಮಾಡಿದ. ನನಗೂ ತಡೆಯಲಾಗಲಿಲ್ಲ. ಅಳಬಾರದವರು ಅತ್ತೆವು, ಅಳಬೇಕಾದವನು ಮಾತಾಡಿದ.

"ಕಣ್ಣು ಹೋತು, ಅದನ್ನ ಬಿಡು. ಇಕಿ ಬಳಿ ಮಾರಾಕ ಹೋದರ ಯಾವ ಹೆಣ್ಮಗಳೂ ಕೈ ಕೊಡವಲ್ಲಳು. ಮುಖದ ಮ್ಯಾಲೆ ಬಾಗಲಾ ಹಾಕ್ತಾರ. ಚಾಡಿ ಹೇಳಿದಾವ ನಾ ಅಲ್ಲ ಅಂತ ನಿಮ್ಮ ಪೇಪರಿನ್ಯಾಗ ಹಾಕು. ಓದಾಕ ಬರದಾವರಿಗೂ ತಿಳೀಬೇಕು ನೋಡು, ಹಂಗ ಹಾಕು."

ಓದಲು ಬಾರದವರಿಗೆ ತಿಳಿಯಬೇಕೆಂದರೆ ಚಿತ್ರವೇ ಆಗಬೇಕು. ಇಮಾಮಸಾಬ ಒಪ್ಪಿಕೊಂಡು ಬಂದ.

ಶೆಟ್ಟರು ಮೊದಲು ಒಲ್ಲೆ ಎಂದರು. ಕಾರಕೂನನ ಹೆಸರು ಹಾಕಿದರೆ ಕೇಸ್ ಆಗುತ್ತದೆ. ಹೆಸರು ಬೇಡ, ಅದೇ ಮುಖವನ್ನು ಸರಿಯಾದ ಕಣ್ಣಿನೊಂದಿಗೆ ದೊಡ್ಡದಾಗಿ ಬರೆಯೋಣ ಎಂದು ನಾವಿಬ್ಬರೂ ಗೋಗರೆದೆವು. ಕೊನೆಗೆ ಹೂಂ ಎಂದರು. ಇಮಾಮಸಾಬ ಎರಡೂ ಹೊತ್ತು ಕಲ್ಲಿನ ಮೇಲೆ ಬಗ್ಗಿ ಕೂತ. ಗೆರೆಗೊಮ್ಮೆ ಕನ್ನಡಿ ಹಿಡಿದು ನೋಡಿದ. ಈ ಸಲ ತಪ್ಪಲಿಲ್ಲ. ಬಲಗಣ್ಣು ಕುರುಡು, ಕಂಕುಳಲ್ಲಿ ಗಂಟಲ್ಲ, ಬಿಚ್ಚಿದ ಕಾಗದಗಳು ಕಾಣುವ ದಫ್ತರ. ಮೊನ್ನೆ ಮಧ್ಯಾಹ್ನ ಪ್ರೂಫ್ ತೆಗೆದು ಒಣಗಲು ದಾರದ ಮೇಲೆ ಹಾಕಿದ. ಆ ಎಲ್ಲ ದಿನಗಳಲ್ಲಿ ಮೊದಲ ಸಲ ನನ್ನ ಕಡೆ ನೋಡಿ, "ಚಾ ಹೊತ್ತಿಗೆ ಒತ್ತಾಕ ಶುರು ಮಾಡೂಣ್ರಿ" ಎಂದ. (ಚಹಾ ನಮಗೆಲ್ಲಿಂದ ಬರಬೇಕು? ಸಾಹೇಬರನ್ನು ಅಣಕಿಸಲು ಅವನು ಹಾಗೆ ಹೇಳುವುದು.)

ಆಗಲೇ ಶೆಟ್ಟರ ಹತ್ತಿರ ಹತ್ತಿ ವ್ಯಾಪಾರದ ಮಾತಿಗೆ ಬಂದಿದ್ದ ಮುಶಿಗೇರಿಯ ರೈತನೊಬ್ಬ ದಾರದ ಮುಂದೆ ನಿಂತ. ಹಾಳೆಯ ಹತ್ತಿರ ಮುಖ ಒಯ್ದು ನೋಡಿದ.

"ಅಯ್ಯ! ಇಂವ ನಮ್ಮೂರಾಂವ ಅಲ್ಲೇನ್ರಿ?"

ನಾನು ಎದ್ದು ಅವನ ಹತ್ತಿರ ಹೋದೆ. "ಯಾರು?"

"ನಮ್ಮೂರ ಶಾನಭೋಗರ ಮನ್ಯಾಗ ಲೆಕ್ಕ ಬರೀತಾನ್ರಿ, ಬಲಗಣ್ಣಿಲ್ಲದಾಂವ. ಇದ ದಫ್ತರ, ಇದ ಮಾರಿ. ಮೊನ್ನೆ ನಮ್ಮ ಓಣ್ಯಾಗ ಕತ್ತಿ ಹಿಡದ್ರು. ಯಾರ ಹೇಳಿದ್ರು, ಯಾರ ಹೇಳಿದ್ರು ಅಂತ ಊರಿಗೂರ ತಲಿ ಕೆಡಿಸಿಕೊಂಡಿತ್ತು. ಈಗ ಖರೇ ತಿಳೀತು ನೋಡ್ರಿ!" ಅವನ ಮುಖ ಅರಳಿತ್ತು. "ಒಂದು ಹಾಳಿ ಕೊಡ್ರಿ. ಊರಿಗೆ ಒಯ್ತೇನಿ."

ಅದು ಮುಶಿಗೇರಿಯವನಲ್ಲಪ್ಪ, ಬೇರೆಯವನು ಎಂದು ನಾನು ಹೇಳಿದೆ. ಮತ್ತೆ ಮತ್ತೆ ಹೇಳಿದೆ. ಅವನು ತಲೆ ಆಡಿಸಿದ, ನಕ್ಕ. "ನೀವು ಹಂಗ ಅನ್ನಬೇಕ್ರಿ ಮಾಸ್ತರ್ರ. ನಿಮಗೂ ಕಚೇರಿ ಅಂಜಿಕಿ ಇರತೈತಿ" ಎಂದ.

ಇಮಾಮಸಾಬ ಎದ್ದ. ದಾರದ ಮೇಲಿನ ಹಾಳೆ ಕಿತ್ತು ಹರಿದ. ಕಲ್ಲಿನ ಮೇಲೆ ನೀರು ಸುರಿದ, ಮರಳು ಸುರಿದ, ಇನ್ನೊಂದು ಕಲ್ಲು ಇಟ್ಟು ತಿಕ್ಕತೊಡಗಿದ. "ಏ ಹುಚ್ಚಾ, ಏನ ಮಾಡಾಕತ್ತೀ? ಹಾಳಿ ನಾಡಿದ್ದ ಹೊರಗ ಬರಬೇಕು!" ಎಂದು ಶೆಟ್ಟರು ಕೂಗಿಕೊಂಡರು. ಅವನು ತಿಕ್ಕುತ್ತಲೇ ಇದ್ದ. ರುಮಾಲು ಹೋಯಿತು, ಮೂಗು ಹೋಯಿತು, ಕುರುಡು ಕಣ್ಣು ಹೋಯಿತು, ಕಾಣುವ ಕಣ್ಣೂ ಹೋಯಿತು. ಆಮೇಲೆ ಕೈ ತೊಳೆದುಕೊಂಡು ಮನೆಗೆ ಹೋದ. ನಿನ್ನೆ ಬರಲಿಲ್ಲ. ಇವತ್ತೂ ಬಂದಿಲ್ಲ. ಅವನ ಹೆಂಡತಿಯನ್ನು ಕೇಳಿದರೆ, ಮಗ್ಗದವರಿಗೆ ನೂಲು ಸುತ್ತಿಕೊಡಲು ಹೋಗಿದ್ದಾನೆ ಎಂದಳು.

ಚಿತ್ರ ಬರೆಯುವವನ ತಪ್ಪಿಲ್ಲ ಎನ್ನುವುದಿಲ್ಲ. ಕಣ್ಣು ತಪ್ಪಿದ್ದು ಅವನದೇ, ಒತ್ತಿದ್ದು ಶೆಟ್ಟರು. ಆದರೆ ಈ ಸಲ ಎಲ್ಲ ಸರಿಯಾಗಿತ್ತಲ್ಲ? ಆದರೂ ಒಬ್ಬನಿಗೆ ಗುರುತು ಸಿಕ್ಕಿಬಿಟ್ಟಿತು. ನಾವು ಚಿತ್ರ ನೋಡುತ್ತೇವೋ, ಮೊದಲೇ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡವನನ್ನು ಅದರೊಳಗೆ ಕೂರಿಸುತ್ತೇವೋ?

ಈಗ ನನ್ನ ಹತ್ತಿರ ಉಳಿದಿರುವುದು ಬರೀ ಅಕ್ಷರ. ಅದನ್ನೇ ಬರೆಯುತ್ತೇನೆ: ನರಗುಂದದ ಬಳೆಗಾರ ಚೆನ್ನಪ್ಪ ಯಾರ ಮೇಲೂ ಚಾಡಿ ಹೇಳಿದವನಲ್ಲ. ಆ ಚಿತ್ರ ಅವನದಲ್ಲ. ಅಂಗಡಿಕಟ್ಟೆಯ ಮೇಲೆ ಈ ಪೇಪರನ್ನು ಗಟ್ಟಿಯಾಗಿ ಓದುವವರೇ, ನಿಮಗೆ ಕೈ ಮುಗಿಯುತ್ತೇನೆ, ಈ ಸಾಲನ್ನು ಮತ್ತೊಮ್ಮೆ ಓದಿ. ನೀಲವ್ವ ನಿಮ್ಮ ಬಾಗಿಲಿಗೆ ಬಂದರೆ ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಕೈ ಕೊಡಲು ಹೇಳಿ.

ಇನ್ನು ಆ ಚೌಕ. ಶೆಟ್ಟರು ಅಲ್ಲಿ ಹೂಬಳ್ಳಿ ಹಾಕಿಸೋಣ ಎಂದರು. ನಾನೇ ಬೇಡ ಎಂದೆ. ಖಾಲಿಯೇ ಇರಲಿ, ಅದರಲ್ಲಿ ಕಣ್ಣಿಲ್ಲ, ಮೂಗಿಲ್ಲ, ಗಂಟಿಲ್ಲ. ಈಗ ಮೇಲೆ ನೋಡಿ, ಖರೇ ಹೇಳಿ: ಅದರಲ್ಲಿ ನಿಮಗೆ ಕಾಣುತ್ತಿರುವುದು ಯಾರ ಮುಖ?